ಹಸಿರು ಗಾಜಿನ ನಾಲ್ಕು ಕಾಯಿ

ಮೊನ್ನೆ ಸಂಜೆ ಆಡುತ್ತ ಕೂತಿದ್ದ ಅವ್ವನ ಕೈಯಿಂದ ಪಗಡೆಯ ಕಾಯಿಯೊಂದು ಜಾರಿ ಫರಶಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ಬಟಾಣಿಗಿಂತ ತುಸು ದೊಡ್ಡದು, ಹಸಿರು ಗಾಜು. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಗಾಳಿಗುಳ್ಳೆ ಕಾಣುತ್ತಿತ್ತು. ಪೊರಕೆ ತರಲು ಎದ್ದವಳು ಹಾಗೇ ನಿಂತೆ. ಅದನ್ನು ಮಾಡಿಕೊಟ್ಟ ಚಾಚಾ ನೆನಪಾದರು...

ಶಹಾಬಾದದಲ್ಲಿ ನಮ್ಮ ಪಕ್ಕದ ಮನೆ ಅವರದು. ಬಳೆ ಮಾರುತ್ತಿದ್ದರು. ಅವ್ವ ಮದುವೆಯಾಗಿ ಬಂದಾಗಿನಿಂದ ಅವಳ ಕೈಗೆ ಬಳೆ ಇಡಿಸಿದವರು ಅವರೇ. ಒಡೆದ ಬಳೆಗಳನ್ನು ಎಸೆಯುತ್ತಿರಲಿಲ್ಲ. ನಮಾಜು ಮುಗಿಸಿ ಬಂದು ಅಂಗಳದಲ್ಲಿ ಕೂತು, ಅಕ್ಕಸಾಲಿಗರ ಊದುಗೊಳವೆಯಿಂದ ದೀಪದ ಉರಿಯನ್ನು ಚೂಪಾಗಿಸಿ, ಚೂರುಗಳನ್ನು ಕರಗಿಸಿ, ಕಬ್ಬಿಣದ ಕಡ್ಡಿಯ ತುದಿಯಲ್ಲಿ ತಿರುವುತ್ತ ಕಾಯಿ ಮಾಡುತ್ತಿದ್ದರು. ಮಾಡಿದ್ದನ್ನು ಬಿಸಿ ಬೂದಿಯಲ್ಲಿ ಹೂತಿಡುತ್ತಿದ್ದರು; ಅವಸರದಲ್ಲಿ ಆರಿದ ಗಾಜು ತಾನೇ ಬಿರಿಯುತ್ತದೆ. ನಮ್ಮ ಕಟ್ಟೆಯ ಕಲ್ಲಿನಲ್ಲಿ ಕೆತ್ತಿದ ಪಗಡೆಯ ಮನೆಗಳಲ್ಲಿ ಓಣಿಯ ಹೆಂಗಸರು ಆ ಕಾಯಿಗಳನ್ನೇ ನಡೆಸುತ್ತಿದ್ದರು. ಅವ್ವನನ್ನು ಗೆಲ್ಲುವುದು ಕಷ್ಟವಿತ್ತು.

ಅಪ್ಪ ತೀರಿಕೊಂಡಾಗ ಹಿರಿಯರು ಅವ್ವನ ಹಸಿರು ಬಳೆಗಳನ್ನು ಒಡೆಸಿದರು. ನಾನು ಬಾಗಿಲಲ್ಲಿದ್ದೆ. ಆ ಸದ್ದು... ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ, ಕಾಗಿಣಾ ಹೊಳೆಗೆ ಬಿಡಲೆಂದು ನನ್ನ ಕೈಗಿತ್ತರು. ಹೊರಗೆ ನಿಂತಿದ್ದ ಚಾಚಾ ಕೈ ಚಾಚಿದರು. ಗಂಟನ್ನು ಅವರಿಗೆ ಕೊಟ್ಟೆ.

ಅಂದಿನಿಂದ ಅವ್ವ ಕಟ್ಟೆಗೆ ಬರಲಿಲ್ಲ. ಕರೆಯಬಹುದೋ ಬಾರದೋ ತಿಳಿಯದೆ ಹೆಂಗಸರೂ ಕರೆಯಲಿಲ್ಲ. ಒಳಕೋಣೆಯಲ್ಲೇ ಉಳಿದುಬಿಡುತ್ತಾಳೇನೋ ಎಂದು ನನಗೆ ಭಯವಾಗಿತ್ತು.

ಆ ಗಂಟಿನ ಚೂರುಗಳಿಂದ ಕಾಯಿ ಮಾಡುವಾಗ ಚಾಚಾ ಮೊದಲು ಪ್ರತಿಯೊಂದಕ್ಕೂ ಒಂದು ಕೆಂಪು ಗಾಜಿನ ಚುಕ್ಕೆ ಕೂಡಿಸಿದ್ದರು. ಬೂದಿಯಿಂದ ತೆಗೆದಾಗ ಎಲ್ಲವೂ ಚುಕ್ಕೆಯ ಸುತ್ತ ಬಿರಿದಿದ್ದವು. ಬೇರೆ ಬೇರೆ ಗಾಜು ಒಂದೇ ಸಮ ಆರುವುದಿಲ್ಲ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವ್ವನ ಹಣೆಯಿಂದ ಹೋದದ್ದನ್ನು ಕಾಯಿಯ ಮೇಲಾದರೂ ಇಡುವ ಆಸೆಯಿತ್ತೇನೋ... ನಾನು ಕೇಳಲಿಲ್ಲ. ಕೆಂಪನ್ನು ಒಡೆದು ತೆಗೆದು, ಉಳಿದದ್ದನ್ನು ಮತ್ತೆ ಕರಗಿಸಿ, ಬರೀ ಹಸಿರಿನಲ್ಲಿ ನಾಲ್ಕು ಕಾಯಿ ಮಾಡಿದರು.

ಒಂದು ಸಂಜೆ ಹೊಸ್ತಿಲಾಚೆ ನಿಂತು ಅವ್ವನನ್ನು ಕರೆದು ಅಂಗೈ ತೆರೆದರು. ಬಣ್ಣ ಗುರುತಿಸಿದ ಅವ್ವ ಹಿಂದೆ ಸರಿದಳು.

"ಕೈಯಾಗ ಇಟ್ಕೋಬ್ಯಾಡ ಅಂದಾರ ತಂಗೀ," ಎಂದರು ಚಾಚಾ. "ಕೈಲೆ ನಡಸಬ್ಯಾಡ ಅಂತ ಯಾರೂ ಅಂದಿಲ್ಲ."

ಅವ್ವ ಕಾಯಿಗಳನ್ನು ಒಂದೊಂದಾಗಿ ತೆಗೆದುಕೊಂಡು ಕಟ್ಟೆಗೆ ಬಂದಳು. ಎದುರುಮನೆಯ ಅತ್ಯಾ ಒಲೆಯ ಮೇಲಿನ ಸಾರು ಬಿಟ್ಟು ಓಡಿಬಂದು ಮುಂದೆ ಕೂತಳು. ತನ್ನ ಕಾಯಿ ಹೊಡೆದರೆ ಇಲ್ಲೇ ಕುಳಿತು ಅಳುತ್ತೇನೆಂದು ಬೆದರಿಸಿದಳು.

"ಅಳು," ಅಂದಳು ಅವ್ವ. "ನಾ ಭಾಳ ಅತ್ತೀನಿ. ಈಗ ನಿನ್ನ ಪಾಳಿ."

ಚಾಚಾ ಆಟ ನೋಡಲು ನಿಲ್ಲಲಿಲ್ಲ. ತಮ್ಮ ಅಂಗಳಕ್ಕೆ ಹೋಗಿ ದೀಪ ಹಚ್ಚಿಕೊಂಡರು.

ಅವರು ತೀರಿಹೋಗಿ ಕೆಲವು ವರ್ಷಗಳಾದವು. ಆ ಅಂಗಳದಲ್ಲಿ ಈಗ ಮೋಟರ್ ಸೈಕಲ್ಲುಗಳು ನಿಲ್ಲುತ್ತವೆ. ಒಡೆದ ಗಾಜನ್ನು ಮತ್ತೆ ಕಾಯಿ ಮಾಡುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ.

ಮೊನ್ನೆ ನಾನು ಪೊರಕೆ ತಂದಾಗ ಅವ್ವ ಬೇಡವೆಂದಳು. ಎರಡೂ ಹೋಳುಗಳನ್ನು ಆಯ್ದು, ಕಾಯಿಗಳೆಲ್ಲ ಕೊನೆಗೆ ಸೇರುವ ನಡುಮನೆಯಲ್ಲಿಟ್ಟಳು.

"ಇದು ಮುಟ್ತು," ಅಂದು, ಉಳಿದ ಮೂರನ್ನು ನಡೆಸಿದಳು.