ನಮ್ಮ ಮನೆಗೆ ಒಂದು ಕೈ ಎಲೆ

ನಾನು ನಿಮ್ಮಷ್ಟು ಪುಟ್ಟವಳಿದ್ದ ಕಾಲಕ್ಕೆ ನಮ್ಮ ಮನೆಯಲ್ಲಿ ಯಾರೂ ನೂರರವರೆಗೆ ಎಣಿಸುತ್ತಿರಲಿಲ್ಲ. ಐದರವರೆಗೆ ಬಂದರೆ ಸಾಕಿತ್ತು. ಐದಕ್ಕೆ ಒಂದು ಕೈ. ಬದನೆಕಾಯಿ ಐದಾದರೆ ಒಂದು ಕೈ, ಮಾವಿನಕಾಯಿ ಐದಾದರೆ ಒಂದು ಕೈ, ಊಟದ ಎಲೆ ಐದಾದರೂ ಒಂದು ಕೈ. ಅಂಥ ಇಪ್ಪತ್ತು ಕೈ ಸೇರಿದರೆ ಒಂದು ಕಟ್ಟು. ನೀವು ಬೆರಳು ಮಡಿಸದೆ ಗುಣಿಸಿ 'ನೂರು' ಅಂದುಬಿಡುತ್ತೀರಿ, ಜಾಣರು. ನನಗೆ ಮಾತ್ರ ಈಗಲೂ ನೂರು ಎಂದರೆ ಕಣ್ಣ ಮುಂದೆ ಏನೂ ಬರುವುದಿಲ್ಲ. ಒಂದು ಕಟ್ಟು ಎಂದರೆ ಒಣಗಿದ ಮುತ್ತುಗದ ಎಲೆಯ ವಾಸನೆ ಬರುತ್ತದೆ.

ನಮ್ಮೂರು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿ, ಕಲ್ಲುಗುಡ್ಡಗಳ ಬುಡದಲ್ಲಿತ್ತು. ಗುಡ್ಡದ ತುಂಬ ಮುತ್ತುಗದ ಮರಗಳು. ಅವುಗಳ ಅಗಲವಾದ ಎಲೆಗಳನ್ನು ಕೊಯ್ದು ತಂದು, ದಾರಕ್ಕೆ ಪೋಣಿಸಿ ಒಣಗಿಸಿ ಅಟ್ಟದಲ್ಲಿ ಇಡುತ್ತಿದ್ದೆವು. ಬೇಕಾದಾಗ ಇಳಿಸಿ ನೀರು ಚಿಮುಕಿಸಿದರೆ ಎಲೆ ಮೆತ್ತಗಾಗುತ್ತಿತ್ತು. ಆಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತು ಎಲೆ ಹಚ್ಚುವುದು, ಅಂದರೆ ಸಣ್ಣ ಕಡ್ಡಿ ಚುಚ್ಚಿ ಎಲೆಗೆ ಎಲೆ ಕೂಡಿಸಿ ದುಂಡಗೆ ಮಾಡುವುದು. ಕಡ್ಡಿ ಚುಚ್ಚಿ ಮುರಿಯುವಾಗ ಟಿಕ್ ಟಿಕ್ ಎಂದು ಸದ್ದಾಗುತ್ತಿತ್ತು. ಹಚ್ಚಿದ ಎಲೆ ಸೊಟ್ಟಗಾಗದಿರಲೆಂದು ಅದರ ಮೇಲೊಂದು ಚಪ್ಪಡಿ ಕಲ್ಲು ಹೇರುತ್ತಿದ್ದರು. ನಾನು ಹಚ್ಚಿದ ಎಲೆಯನ್ನು ಅಜ್ಜಿ ಬೆಳಕಿಗೆ ಹಿಡಿದು, ಅದರ ತೂತಿನಿಂದ ನನ್ನನ್ನೇ ನೋಡಿ ನಗುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ಅದು ಈಗಲೂ ಅಲ್ಲೇ ಇದೆ ಎಂದು ನಿಮ್ಮ ತಾತ ಹೇಳುತ್ತಾರೆ.

ಮನೆಯಲ್ಲಿ ನಾವು ಆರು ಜನ. ಅಜ್ಜಿ, ಅಪ್ಪ, ಅವ್ವ, ಅಣ್ಣ, ಅಕ್ಕ, ನಾನು. ಊಟದ ಹೊತ್ತಿಗೆ ಅವ್ವ ಒಳಗಿನಿಂದ "ಒಂದು ಕೈ ಎಲೆ ತಕ್ಕಬಾರೇ" ಎಂದು ಕೂಗುತ್ತಿದ್ದಳು. ನಾನು ಐದು ಎಲೆ ತೆಗೆದುಕೊಂಡು ಹೋಗಿ ಹಾಕುತ್ತಿದ್ದೆ. ಅಕ್ಕನಿಗೂ ನನಗೂ ಒಂದೇ ಎಲೆ. ನಾನು ಅನ್ನ ತಿನ್ನಲು ಕಲಿತಾಗಿನಿಂದಲೂ ಹಾಗೇ. ಅವಳು ಆ ಕಡೆ, ನಾನು ಈ ಕಡೆ. ಕಡ್ಡಿ ಹಾಕಿದ ಜಾಗದಲ್ಲಿ ಸಾರು ಸೋರಬಾರದೆಂದು ಅಕ್ಕ ಅನ್ನದಲ್ಲಿ ಒಂದು ಕಟ್ಟೆ ಕಟ್ಟುತ್ತಿದ್ದಳು. ಹಬ್ಬದ ದಿನ ಪಾಯಸ ಬಡಿಸಿದರೆ ಆ ಕಟ್ಟೆಯನ್ನು ನನ್ನ ಕಡೆಗೆ ಸ್ವಲ್ಪ ಒಡೆಯುತ್ತಿದ್ದಳು. ಅವಳಿಗೆ ಪಾಯಸ ಇಷ್ಟವಿಲ್ಲ ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಆ ಅಕ್ಕನಿಗೆ ಮದುವೆ ಗೊತ್ತಾಯಿತು. ಗಂಡು ಪಾವಗಡದ ಕಡೆಯವರು. ಮಾತಿನ ನಡುವೆ ತೆಲುಗು ಸೇರಿಸುವ ಒಳ್ಳೆಯ ಜನ. ಆದರೆ ನನ್ನ ಕಣ್ಣಿಗೆ ಅವರು ನನ್ನ ಅಕ್ಕನನ್ನು ಹೊತ್ತುಕೊಂಡು ಹೋಗಲು ಬರುವವರು, ಅಷ್ಟೇ. ನನಗೆ ಉಳಿದ ಚಿಂತೆ ಒಂದೇ. "ಮದ್ವೆ ದಿನ ನನ್ನ ಜತೆ ಉಣ್ಣಾಕೆ ಕೂತ್ಕಂತೀಯಾ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. "ಕೂತ್ಕಳಾನ ಬುಡೇ. ನಿನ್ನ ಬುಟ್ಟು ನಂಗೆ ಎಲ್ಲಿ ಊಟ ಸೇರ್ತದೆ?" ಎಂದು ಅವಳು ಕಡ್ಡಿ ಚುಚ್ಚುತ್ತಲೇ ಹೇಳುತ್ತಿದ್ದಳು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಅಪ್ಪ ಬೀಗರ ಊರಿಗೆ ಹೋಗಿ ಬಂದು, ಹನ್ನೆರಡು ಗಾಡಿ ಜನ ಬರುತ್ತಾರೆ ಎಂದರು. ಅವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಗಾಡಿಗೆ ಎಷ್ಟು ಜನ ಅಂತ ಕೇಳ್ಲಿಲ್ವಾ?" ಅಪ್ಪನಿಗೆ ರೇಗಿತು. "ಗಾಡಿ ಅಂದ್ರೆ ಗಾಡಿ ಕಣೇ! ಅದ್ನೂ ಕೇಳ್ತಾರಾ ಯಾರಾದ್ರೂ?" ಆಗ ಅಜ್ಜಿ ನಡುವೆ ಬಂದಳು. ಗಾಡಿಯಲ್ಲಿ ಕೂತವರು ಎಂಟು, ಮಡಿಲಲ್ಲಿ ಕೂತವರು ಎರಡು. ಮಡಿಲಲ್ಲಿ ಬಂದ ಮಕ್ಕಳು ಊಟದ ಹೊತ್ತಿಗೆ ಮಾತ್ರ ತಮಗೆ ಬೇರೆ ಎಲೆ ಬೇಕೆಂದು ಅಳುತ್ತವೆ. ಆದ್ದರಿಂದ ಗಾಡಿಗೆ ಎರಡು ಕೈ ಎಂದು ಅಜ್ಜಿ ತೀರ್ಪು ಕೊಟ್ಟಳು.

ಮುಂದಿನ ಲೆಕ್ಕವೆಲ್ಲ ಅಕ್ಕನದು. ನಮ್ಮ ಮನೆಯಲ್ಲಿ ಅವಳ ಲೆಕ್ಕವೆಂದರೆ ಅಪ್ಪನೂ ತಲೆಯಾಡಿಸುತ್ತಿದ್ದರು. ಗಾಡಿಯನ್ನು ಕೈ ಮಾಡಿ, ಕೈಯನ್ನು ಕಟ್ಟು ಮಾಡಿ ಅವಳು ಬಾಯಲ್ಲೇ ಹೇಳುತ್ತಾ ಹೋದಳು. ಹನ್ನೆರಡು ಗಾಡಿಗೆ ಇಪ್ಪತ್ತನಾಲ್ಕು ಕೈ. ಹೊರಗಿನಿಂದ ಬರುವ ನಮ್ಮ ನೆಂಟರಿಗೆ ಹದಿನಾರು ಕೈ. ಇನ್ನು ನಮ್ಮೂರಿನ ಅರವತ್ತು ಮನೆ. ಅಪ್ಪ ಎಲ್ಲರನ್ನೂ "ಅವತ್ತು ಒಲೆ ಹಚ್ಚಬೇಡಿ" ಎಂದು ಕರೆದಿದ್ದರು. ಹಾಗೆ ಕರೆದರೆ ಮನೆಗೊಬ್ಬರಲ್ಲ, ಮನೆಮಂದಿಯೆಲ್ಲ ಊಟಕ್ಕೆ ಬರಬೇಕು. "ಮನೆಗೆ ಒಂದು ಕೈ ಅಂತ ಹಿಡ್ಕಳಿ, ಅರವತ್ತು ಕೈ ಆಯ್ತು" ಎಂದಳು ಅಕ್ಕ. ಎಲ್ಲ ಸೇರಿ ಐದು ಕಟ್ಟು, ನಿಮ್ಮ ಲೆಕ್ಕದಲ್ಲಿ ನೂರು ಕೈ. ಹರಿದದ್ದು ಮುರಿದದ್ದಕ್ಕೆಂದು ಕಟ್ಟಿಗೆ ಒಂದು ಕೈ ಕೊಸರು. ಅಜ್ಜಿ, ಅವ್ವ ಇಬ್ಬರೂ ಹೌದೆಂದರು. ನಮ್ಮ ಮನೆಗೂ ದಿನಾ ಒಂದು ಕೈ ಎಲೆಯೇ ತಾನೇ ಬೇಕಾಗಿದ್ದದ್ದು? ಯಾರಿಗೂ ಅನುಮಾನ ಬರಲಿಲ್ಲ.

ಮದುವೆಯ ದಿನ ಬೆಳಗ್ಗೆ ಎದ್ದಾಗ ಅಂಗಳವೇ ನಮ್ಮದಲ್ಲ ಎನಿಸುವಷ್ಟು ಬದಲಾಗಿತ್ತು. ಚಪ್ಪರದ ಹಸಿ ಸೊಪ್ಪಿನ ವಾಸನೆ, ಹಿತ್ತಲಲ್ಲಿ ಕುದಿಯುವ ಬೇಳೆಯ ವಾಸನೆ, ಎಲ್ಲರ ಮೈಯ ಅರಿಸಿನದ ವಾಸನೆ. ಪಾವಗಡದ ಗಾಡಿಗಳು ಒಂದರ ಹಿಂದೊಂದು ಬಂದು ಹುಣಸೆಮರದ ಕೆಳಗೆ ನಿಂತವು. ಅಜ್ಜಿಯ ಲೆಕ್ಕ ತಪ್ಪಿರಲಿಲ್ಲ, ಮಡಿಲುಗಳಲ್ಲಿ ಮಕ್ಕಳಿದ್ದವು. ಅಕ್ಕನನ್ನು ಹಸೆಮಣೆಗೆ ಕರೆತಂದಾಗ ನಾನು ಅವಳ ಸೆರಗು ಹಿಡಿದುಕೊಂಡೇ ಬಂದೆ. ಯಾರೋ ಬಿಡಿಸಿದರು. ಮತ್ತೆ ಹಿಡಿದೆ. ಮತ್ತೆ ಬಿಡಿಸಿದರು.

ಧಾರೆ ಮುಗಿದು ಊಟ ಶುರುವಾಯಿತು. ಎಲೆಯ ರಾಶಿಯ ಪಕ್ಕ ಅಜ್ಜಿ ಕೂತಿದ್ದಳು. ಒಂದೊಂದು ಕೈ ಎಲೆ ಎಣಿಸಿ ಕೊಡುವಾಗಲೂ ಮೊದಲನೆಯದಕ್ಕೆ ಅವಳು ಒಂದು ಎನ್ನುತ್ತಿರಲಿಲ್ಲ. ರಾಗಿ ಅಳೆಯುವಾಗ ಎಲ್ಲರೂ ಹೇಳುವಂತೆ "ಲಾಭ, ಎಲ್ಡು, ಮೂರು, ನಾಕು, ಐದು" ಎನ್ನುತ್ತಿದ್ದಳು. ಕಟ್ಟು ಖಾಲಿಯಾದಾಗಲೊಮ್ಮೆ ಮಡಿಲಿಗೆ ಒಂದು ಹುಣಸೆಬೀಜ ಹಾಕಿಕೊಳ್ಳುತ್ತಿದ್ದಳು. ಬೀಗರ ಪಂಕ್ತಿ ಮೊದಲು ಎದ್ದಿತು, ಆಮೇಲೆ ನೆಂಟರು, ಆಮೇಲೆ ಊರವರು. ಅವ್ವ ನನ್ನನ್ನು ಪ್ರತಿ ಪಂಕ್ತಿಗೂ ಕೂರಿಸಲು ನೋಡಿದಳು. "ಅಕ್ಕನ ಜತೇಲೇ" ಎಂದು ನಾನು ಕಂಬ ಅಪ್ಪಿಕೊಂಡು ನಿಂತೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಪಾಯಸದ ಏಲಕ್ಕಿ ಘಮ ನನ್ನ ಮೂಗಿಗೇ ಬಂದು ಬಡಿಯುತ್ತಿತ್ತು. ನಾನು ಜಗ್ಗಲಿಲ್ಲ.

ಊರವರ ಪಂಕ್ತಿ ನಡೆಯುತ್ತಿದ್ದಂತೆ ಅಜ್ಜಿಯ ಮುಖ ಸಪ್ಪಗಾಗತೊಡಗಿತು. ಮಡಿಲಿಗೆ ಐದನೆಯ ಬೀಜವೂ ಬಿದ್ದಿತ್ತು. ಕೊಸರಿನ ಎಲೆಯೂ ಕರಗುತ್ತಿತ್ತು. ಕೊನೆಗೆ ಅವಳ ಮುಂದೆ ಉಳಿದದ್ದು ಎರಡು ಕೈ ಎಲೆ. ಚಪ್ಪರದ ಕೆಳಗೆ ಊಟವಿಲ್ಲದೆ ನಿಂತವರು ನಾಲ್ಕು ಕೈಗೆ ಒಬ್ಬರು ಕಡಿಮೆ. ಆ ಹತ್ತೊಂಬತ್ತು ಜನರಲ್ಲಿ ನಾನೂ ಒಬ್ಬಳು.

ಮಕ್ಕಳೇ, ಅನ್ನ ಸಾಲದೆ ಹೋದರೆ ಇನ್ನೊಂದು ಎಸರಿಡಬಹುದು. ಎಲೆ ಹಾಗಲ್ಲ. ನೆನೆಸಬೇಕು, ಹಚ್ಚಬೇಕು, ಕಲ್ಲು ಹೇರಬೇಕು. ಒಲೆ ಹಚ್ಚಬೇಡಿ ಎಂದು ತಾವೇ ಹೇಳಿ ಕರೆದವರನ್ನು ಎಲೆಯಿಲ್ಲವೆಂದು ಕಳಿಸುವುದು ಹೇಗೆ? ಅದೂ ಹೊಸ ಬೀಗರ ಎದುರಿಗೆ? ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವ್ವ ಸೆರಗಿನ ತುದಿ ಕಚ್ಚಿಕೊಂಡು ಅತ್ತಿತ್ತ ನೋಡಿದಳು. ಬಡಿಸುವ ಹೊಣೆ ಹೊತ್ತಿದ್ದ ನನ್ನ ಮಾವ ಪಾಯಸದ ತಪ್ಪಲೆ ಹಿಡಿದು ನಿಂತಲ್ಲೇ ನಿಂತರು. ಇನ್ನು ಈ ಮದುವೆಯ ಮಾತು ಪಾವಗಡದವರೆಗೂ ಹೋಗುತ್ತದೆ, ಅಕ್ಕ ಅಲ್ಲಿ ತಲೆತಗ್ಗಿಸಬೇಕಾಗುತ್ತದೆ ಎಂದು ನನಗೂ ಗೊತ್ತಾಯಿತು.

ಆಗ ಅಜ್ಜಿ ನನ್ನತ್ತ ನೋಡಿದಳು. ನೋಡಿ ಎದ್ದು ನಿಂತಳು. "ಏಯ್, ಎಲ್ಡೆಲ್ಡು ಜನ ಒಂದೊಂದೆಲೇಲಿ ಕೂತ್ಕಳ್ರಪ್ಪಾ! ನಮ್ಮನೇಲಿ ಅಕ್ಕತಂಗೀರು ದಿನಾ ಅಂಗೇ ಉಣ್ಣಾದು. ಅಕ್ಕನ ಮದ್ವೆ ಊಟಾನೂ ಅಂಗೇ ಆಗ್ಲಿ!" ಎಂದು ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದಳು. ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದ ಗಂಡಿನ ಅಜ್ಜಿ "ಪರ್ವಾಲೇದಮ್ಮ, ಇಂಗೆ ಉಂಡ್ರೇನೇ ರುಚಿ. ಮಾಕೂ, ನಮ್ಗೂ ಇಂಗೇ ಬಡಿಸ್ಬೇಕಾಗಿತ್ತು" ಎಂದು ನಕ್ಕರು. ಅಷ್ಟು ಸಾಕಾಯಿತು. ಊರಿನ ಗಂಡಹೆಂಡಿರು ನಾಚಿಕೊಂಡು ಜೊತೆಗೆ ಕೂತರು. ಮಾತು ಬಿಟ್ಟಿದ್ದ ಇಬ್ಬರು ಮುದುಕರನ್ನು ಎಳೆದು ಒಂದೇ ಎಲೆಗೆ ಕೂರಿಸಿದರು. ಪಂಕ್ತಿಯೆಲ್ಲ ನಗು. ಅಪ್ಪನ ಮುಖಕ್ಕೆ ಮತ್ತೆ ಜೀವ ಬಂತು.

ನಾನು ಮನೆಯೊಳಗೆ ಓಡಿದೆ. ಇದೇ ಸಮಯ, ಅಕ್ಕನನ್ನು ಕರೆತರಬೇಕು! ನಡುಮನೆಯಲ್ಲಿ ಭೂಮದ ಊಟದ ಶಾಸ್ತ್ರ ನಡೆಯುತ್ತಿತ್ತು. ಮದುಮಕ್ಕಳಿಬ್ಬರೂ ಒಂದೇ ಎಲೆಯಲ್ಲಿ ಉಣ್ಣುವ ಶಾಸ್ತ್ರ ಅದು. ಹೆಂಗಸರು ಸುತ್ತ ಕೂತು ಹಾಡು ಹೇಳುತ್ತಿದ್ದರು. ಅಕ್ಕ ಆ ಕಡೆ ಕೂತಿದ್ದಳು. ಈ ಕಡೆ, ನನ್ನ ಜಾಗದಲ್ಲಿ, ಭಾವ ಕೂತಿದ್ದರು. ಹಸಿರು ಬಳೆ ತುಂಬಿದ ಅವಳ ಕೈ ಅಭ್ಯಾಸದಂತೆ ಅನ್ನದ ಕಟ್ಟೆ ಕಟ್ಟುತ್ತಿತ್ತು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಆ ಕೈ ನಿಂತುಬಿಟ್ಟಿತು. ಅವಳು ಏಳುವ ಹಾಗಿರಲಿಲ್ಲ. ನಾನು ಒಳಗೆ ಹೋಗುವ ಹಾಗಿರಲಿಲ್ಲ.

ಹೊರಗೆ ಬಂದಾಗ ಎಲ್ಲರಿಗೂ ಜೋಡಿ ಸಿಕ್ಕಿತ್ತು. ಒಂದೇ ಒಂದು ಎಲೆ ಉಳಿದಿತ್ತು. ಮಾವ ಅದನ್ನು ನನ್ನ ಮುಂದೆ ಹಾಕಿ, "ನಿಂಗೆ ಜತೆ ಇಲ್ವಲ್ಲೇ! ತಗ, ಪೂರಾ ನಿಂದೇ" ಎಂದು ಪ್ರೀತಿಯಿಂದಲೇ ಅಂದರು. ಅಕ್ಕ ಬಂದಿದ್ದರೆ ನಾಲ್ಕು ಕೈ ಭರ್ತಿಯಾಗುತ್ತಿತ್ತು. ಅಷ್ಟು ದೊಡ್ಡ ಎಲೆಯ ಮುಂದೆ ನಾನು ಒಬ್ಬಳೇ ಯಾವತ್ತೂ ಕೂತಿರಲಿಲ್ಲ. ಮಾವ ಎರಡು ಸೌಟು ಪಾಯಸ ಬಡಿಸಿದರು. ಅದು ಕಡ್ಡಿಯ ಸಂದಿಯಲ್ಲಿ ಸೋರಿ ನೆಲಕ್ಕೆ ಹರಿಯಿತು. ನಾನು ತಡೆಯಲಿಲ್ಲ, ಅಳುತ್ತಾ ನೋಡುತ್ತಾ ಕೂತೆ.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಕಟ್ಟಿದರು. ಎಲೆ ಸಾಲದೆ ಹೋದ ಸುದ್ದಿ ಅಕ್ಕನ ಕಿವಿಗೂ ಬಿದ್ದಿತ್ತು. ಗಾಡಿ ಹತ್ತುವ ಮುಂಚೆ ಅವಳು ನನ್ನನ್ನು ಎಳೆದು ಅಪ್ಪಿಕೊಂಡಳು. "ಮನೆಗೆ ಒಂದು ಕೈ ಅಂದ್ಬುಟ್ನಲ್ಲೇ... ಎಲ್ರ ಮನೇಲೂ ಇಬ್ರಿಗೆ ಒಂದೆಲೆ ಹಾಕ್ತಾರಾ? ನೀನು ಬ್ಯಾರೆ, ನಾನು ಬ್ಯಾರೆ ಅಂತ ನಂಗೆ ಎಣಿಸಾಕೇ ಬರ್ಲಿಲ್ಲ ಕಣೇ" ಎಂದಳು. ನಗುತ್ತಾ ಶುರುವಾದ ಮಾತು ಮುಗಿಯುವಷ್ಟರಲ್ಲಿ ಅಳುವಾಗಿತ್ತು. ಗಾಡಿಗಳ ಧೂಳು ಗುಡ್ಡದ ತಿರುವಿನಲ್ಲಿ ಇಲ್ಲವಾಗುವವರೆಗೂ ನಾನು ಹುಣಸೆಮರದ ಕೆಳಗೇ ನಿಂತಿದ್ದೆ. ಅಣ್ಣ ಬಂದು ಎತ್ತಿಕೊಂಡು ಹೋದ.

ಮಾರನೆಯ ದಿನ ಅಜ್ಜಿ ಹೊಸದಾಗಿ ಎಲೆ ಹಚ್ಚಿದಳು. ಮಧ್ಯಾಹ್ನ ಅವ್ವ ಒಳಗಿನಿಂದ ಎಂದಿನಂತೆ "ಒಂದು ಕೈ ಎಲೆ ತಕ್ಕಬಾರೇ" ಎಂದಳು. ಆರು ಜನರಿದ್ದ ಮನೆಯಲ್ಲಿ ಈಗ ಐದು ಜನ. ಒಂದು ಎಲೆ ಕಡಿಮೆ ಬೇಕಾಗುತ್ತದೆ ಎಂದುಕೊಂಡು ನಾನು ನಾಲ್ಕನ್ನೇ ತಂದೆ. ಹಾಕಿ ನೋಡಿದರೆ ನನಗೇ ಎಲೆಯಿಲ್ಲ. ಹೋಗಿ ಐದನೆಯದನ್ನು ತಂದು ಕೂತೆ.

ಈಗ ನಿಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸ್ಟೀಲ್ ತಟ್ಟೆ, ಅದರ ಹಿಂದೆ ಹೆಸರೂ ಕೊರೆಸಿದೆ. ಒಬ್ಬರ ಲೋಟದಲ್ಲಿ ಇನ್ನೊಬ್ಬರು ನೀರು ಕುಡಿದರೆ ಜಗಳವೇ ಆಗುತ್ತದೆ. ಮೊನ್ನೆ ಶಿರಾದ ಛತ್ರದಲ್ಲಿ ಮದುವೆಗೆ ಅಡುಗೆಯವರು ನಿಮ್ಮಪ್ಪನನ್ನು "ಎಷ್ಟು ಪ್ಲೇಟು ಸಾರ್?" ಎಂದು ಕೇಳಿದರು. ಗಾಡಿಯೂ ಇಲ್ಲ, ಮಡಿಲೂ ಇಲ್ಲ, ಕೊಸರೂ ಇಲ್ಲ. ಪಾವಗಡಕ್ಕೆ ಈಗ ಕಾರಿನಲ್ಲಿ ಹೋಗಿ ಊಟದ ಹೊತ್ತಿಗೆ ವಾಪಸು ಬರಬಹುದು. ಅಕ್ಕನ ಊರಿನ ಬಯಲಲ್ಲಿ ಸೋಲಾರ್ ಹಲಗೆಗಳು ಫಳಫಳ ಹೊಳೆಯುತ್ತವೆ. ಹೋದರೆ ಮಾತನಾಡಿಸಲು ಅಕ್ಕನೊಬ್ಬಳು ಅಲ್ಲಿಲ್ಲ, ತೀರಿಕೊಂಡು ವರ್ಷಗಳಾದವು.

ನಿಮ್ಮ ಲೆಕ್ಕ ಸುಲಭ, ಮಕ್ಕಳೇ, ಒಳ್ಳೆಯದು ಕೂಡ. ಒಬ್ಬರಿಗೆ ಒಂದು ತಟ್ಟೆ. ಯಾರಾದರೂ ಬಾರದಿದ್ದರೆ ತಟ್ಟೆ ಖಾಲಿ ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಕೇಳುತ್ತಾರೆ. ನನ್ನ ಅಕ್ಕ ಗಾಡಿ ಹತ್ತಿ ಹೋದ ಮಾರನೆಯ ದಿನ ನಮ್ಮ ಮನೆಯಲ್ಲಿ ಒಂದೆಲೆಯೂ ಕಡಿಮೆಯಾಗಲಿಲ್ಲ. ಅವಳಿಲ್ಲವೆಂದು ಉಣ್ಣಲು ಕೂತ ನನಗೊಬ್ಬಳಿಗೇ ಗೊತ್ತಾಯಿತು.