ಬೀರಪ್ಪನ ಮೀಟರ್ ನನ್ನ ಲಾಕರ್‌ನಲ್ಲೇ ಇದೆ

ಸುಳ್ಳೇ ಇರಬೇಕು ಎಂದು ಮೂರು ಸಲ ತಿರುಗಿ ಫೋನ್ ಮಾಡಿದೆ...
ಮೂರೂ ಸಲ ಅವನ ತಮ್ಮ ಮಾಳಪ್ಪನೇ ಎತ್ತಿದ. ಮೂರೂ ಸಲ ಅತ್ತ.

ನಮ್ಮ ಬೀರಪ್ಪ ಇನ್ನಿಲ್ಲ.

ಮಧ್ಯಾಹ್ನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸ್ಟೋರಿನ ಬಾಗಿಲು ತೆಗೆಯುತ್ತೇನೆ, ಹಾಕುತ್ತೇನೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅವನು ಸುರಪುರದ ಕಡೆಯ ಕುರಿ ಸಾಕುವ ಮನೆಯವನು. ನಾನು ಶಹಾಪುರದವನು.
ಗುಜರಾತಿನ ಈ ಎಣ್ಣೆ ಬಾವಿಗಳಲ್ಲಿ ಅವನು ಪಂಪ್ ಆಪರೇಟರ್, ನಾನು ಸ್ಟೋರ್ ಕೀಪರ್.
ಹಳೆಯ ಬಾವಿಗೆ ಕಾರ್ಬನ್ ಡೈಆಕ್ಸೈಡ್ ಒತ್ತುವುದು ಅವನ ಕೆಲಸ.
"ಕಲ್ಲಿನ್ಯಾಗ ಎಣ್ಣಿ ಅಂಟಿಕೊಂಡು ಕುಂತಿರ್ತದ. ಗ್ಯಾಸ್ ಹೊಕ್ಕು ತೆಳ್ಳಗ ಮಾಡಿ ಹೊರಗ ದಬ್ಬತದ" ಅನ್ನುತ್ತಿದ್ದ.
ಎಂಜಿನಿಯರ್‌ಗಳೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಮೊದಲ ವಾರವೇ ಎಲ್ಲರ ಜೀವ ಬಾಯಿಗೆ ತಂದಿದ್ದ!
ಬಾವಿ ಪಕ್ಕದ ಗುಂಡಿಗೆ ಇಳಿಯುವ ಮುನ್ನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ... ಎಣ್ಣೆ ಬಾವಿಯಲ್ಲಿ!!
ಸಾಹೇಬರು ಕೂಗಾಡಿದರೆ ಇವನದು ತಣ್ಣನೆಯ ಉತ್ತರ.
"ನಮ್ಮೂರಾಗ ಹಗೇವಿಗಿ ಮೊದಲ ದೀಪ ಇಳಸ್ತೀವ್ರಿ. ದೀಪ ಆರಿದ್ರ ಮನುಷ್ಯಾನೂ ಆರ್ತಾನ."
ಹಗೇವು ಅಂದರೆ ಜೋಳ ತುಂಬಿಡುವ ನೆಲದ ಗುಂಡಿ. ಮುಚ್ಚಿಟ್ಟರೆ ಒಳಗೆ ಇದೇ ಕಾರ್ಬನ್ ಡೈಆಕ್ಸೈಡ್ ಕೂಡುತ್ತದೆ.
ನಾವೆಲ್ಲ ನಕ್ಕೆವು. ಬೆಂಕಿಪೊಟ್ಟಣ ಕಸಿದು, ಕೆಟ್ಟ ಗಾಳಿ ಇದ್ದರೆ ಕೂಗುವ ಗ್ಯಾಸ್ ಮೀಟರ್ ಕೊರಳಿಗೆ ಹಾಕಿದೆವು.

ಬೀರಪ್ಪ, ಹೋದ ವಾರ ರಜೆಗೆ ಹೊರಟಾಗ ಕೇಳಿದೆಯಲ್ಲ...
"ಮೀಟರ್ ಒಯ್ಯಲೇನೋ ದೋಸ್ತ? ಮನ್ಯಾಗ ಹಳೀ ಹಗೇವು ತೆಗಸಾಕತ್ಯಾರ."
"ಹಗೇವಿನ್ಯಾಗೇನು ಎಣ್ಣಿ ತೆಗೀತಿಯೇನಲೇ? ಇಟ್ಟು ಸಹಿ ಮಾಡಿ ಹೋಗು" ಅಂದೆ.
ರೂಲ್ಸ್ ಅಂದರೆ ರೂಲ್ಸ್... ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.
ನೀನು ನಗುತ್ತಲೇ ಸಹಿ ಮಾಡಿದೆ.

ಇವತ್ತು ಬೆಳಿಗ್ಗೆ ಹಗೇವಿನ ಬಾಯಿಗೆ ಮುಚ್ಚಿದ್ದ ಕಲ್ಲು ಸರಿಸಿದ ಕೂಡಲೇ ಮಾಳಪ್ಪ ಇಳಿದುಬಿಟ್ಟನಂತೆ. ಕೂಗಿದರೆ ಓಗೊಡಲಿಲ್ಲ.
ಆಮೇಲೆ ದೀಪ ಹುಡುಕಲು ನಿನಗೆ ಪುರಸೊತ್ತು ಎಲ್ಲಿತ್ತು? ಕೈಗೆ ಸಿಕ್ಕ ಹಗ್ಗ ಹಿಡಿದು ನೀನೂ ಇಳಿದೆ...

ಮೀಟರ್ ಕೂಗಿದ್ದರೂ ತಮ್ಮನಿಗಾಗಿ ನೀನು ಇಳಿಯುತ್ತಿದ್ದೆ, ಗೊತ್ತು.
ಆದರೆ ಮೀಟರ್ ಇದ್ದಿದ್ದರೆ ಹಗೇವಿನ ಬಾಯಲ್ಲೇ ಕೂಗುತ್ತಿತ್ತು, ಮಾಳಪ್ಪ ಮೊದಲು ಇಳಿಯುತ್ತಲೇ ಇರಲಿಲ್ಲ.
ಇದೊಂದು ನನ್ನನ್ನು ಬಿಡುತ್ತಿಲ್ಲ ಕಣೋ...

ಫೋನಿನಲ್ಲಿ ಅವನದು ಒಂದೇ ಮಾತು.
"ಅಣ್ಣ ನನ್ನ ನಡಕ್ಕ ಹಗ್ಗ ಕಟ್ಯಾನ್ರಿ. ಮ್ಯಾಲಿನವ್ರು ನನ್ನ ಎಳಕೊಂಡ್ರು. ತಿರುಗಿ ಹಗ್ಗ ಬಿಟ್ರ... ಅಂವ ಹಿಡೀಲೇ ಇಲ್ರಿ."

ಹೋಗಿ ಬಾ ಬೀರಪ್ಪ. ನಿನ್ನ ಜೀವ ತಣ್ಣಗಿರಲಿ.
ನನಗೆ ಸದ್ಯಕ್ಕೆ ಆ ಶಾಂತಿ ಬೇಡ.