ಗೋಡೆಯ ಮೇಲೆ ನಿಂತುಹೋದ ಚುಕ್ಕೆ

ಗುರುವಪ್ಪನವರೇ, ನೀವು ಕಟ್ಟಿದ ಕೈ ಕೆಟ್ಟಿರಲಿಲ್ಲ. ನೀವು ಹೇಳಿದ ಹೊತ್ತಿಗೆ ಸರಿಯಾಗಿ ನನ್ನ ಬಲ ಮೊಣಕೈ ಕೂಡಿಕೊಂಡಿತ್ತು, ನೆಟ್ಟಗೂ ಆಗಿತ್ತು. ಚಾಚಲು ಬರುತ್ತಿಲ್ಲ ಎಂದು ಎರಡು ತಿಂಗಳು ಸುಳ್ಳು ನಟಿಸಿದವನು ನಾನು. ಆ ಸುಳ್ಳಿನಿಂದಲೇ ಯಡಿಯೂರಿನಲ್ಲಿ ನಿಮ್ಮ ಮೂಳೆ ಕಟ್ಟುವ ಬೋರ್ಡು ಇಳಿಯಿತು. ಹೋದ ತಿಂಗಳು ನಿಮ್ಮ ಎದುರಿಗೇ ಕೂತು ಇನ್ನೊಂದು ಸುಳ್ಳು ಹೇಳಿ ಬಂದೆ — ಅದು ಮೊದಲಿನದಕ್ಕಿಂತ ಕೆಟ್ಟದ್ದು. ನಿಮಗೀಗ ಕಣ್ಣು ಕಾಣುವುದಿಲ್ಲವಾದ್ದರಿಂದ ಇದನ್ನು ನಿಮ್ಮ ಮಗಳು ಓದಿ ಹೇಳುತ್ತಾರೆ. ಅವರಿಗೆ ಸಿಟ್ಟು ಬಂದು ನಡುವೆ ನಿಲ್ಲಿಸಿದರೆ, ದಯವಿಟ್ಟು ಕೊನೆಯವರೆಗೆ ಓದಲು ಹೇಳಿ. ಅವರಿಗೂ ತಿಳಿಯಲಿ ಎಂದು ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ.

ಆಗ ನನಗೆ ಹದಿನಾಲ್ಕು. ಬನಶಂಕರಿ ಎರಡನೇ ಹಂತದಲ್ಲಿ ಅಪ್ಪ ಹೊಸದಾಗಿ ಕಟ್ಟಿಸಿದ ಮನೆ. ಸುತ್ತಲೂ ಖಾಲಿ ಸೈಟುಗಳು, ಪಾರ್ಥೇನಿಯಂ ಗಿಡ. ಗಿರಿನಗರದ ಆಚೆ ಒಂದು ಬಂಡೆಗುಡ್ಡವಿತ್ತು. ನಾನೂ ಗೆಳೆಯ ಸೀನನೂ ಅಪ್ಪನ ಹಳೆಯ ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರ್ರು, ಚೈನ್ ಕವರು ಎಲ್ಲ ಬಿಚ್ಚಿ, ಅದನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸುತ್ತಿದ್ದೆವು. ಇಳಿಯುವಾಗ ಸವಾರಿ. ಕಲ್ಲು ಒಡೆಯುವವರು ನಡೆದೂ ನಡೆದೂ ಸವೆದ ಒಂದು ದಾರಿಯಿತ್ತು, ಅದರ ತುಂಬ ಜಲ್ಲಿಚೂರು. ತುದಿಯಲ್ಲಿ ನಿಂತರೆ ದಕ್ಷಿಣಕ್ಕೆ ಕೆರೆಗಳು ಒಂದರ ಹಿಂದೊಂದು ಹೊಳೆಯುತ್ತಿದ್ದವು, ಆಚೆಗೆ ಬನ್ನೇರುಘಟ್ಟದ ನೀಲಿ. ಬ್ರೇಕು ಬಿಟ್ಟ ಮೊದಲ ಕ್ಷಣ ಗಾಳಿ ಅಂಗಿಯೊಳಗೆ ನುಗ್ಗುತ್ತಿತ್ತು. ಇಷ್ಟು ದೊಡ್ಡ ಬೆಟ್ಟ ನನ್ನ ಕಾಲ ಕೆಳಗೆ ಓಡುತ್ತಿದೆಯಲ್ಲ ಎಂಬ ಬೆರಗು — ಈಗಲೂ ಆ ದಿನಗಳಿಗೆ ನನಗೆ ಬೇರೆ ಮಾತು ಸಿಗುವುದಿಲ್ಲ.

ಬಿದ್ದದ್ದು ಮಾತ್ರ ಬೆಟ್ಟದ ಮೇಲಲ್ಲ, ಕೆಳಗೆ, ಸಮನಾದ ನೆಲಕ್ಕೆ ಬಂದ ಮೇಲೆ. ಸೀನನಿಗೆ ಕೈ ಬೀಸಲು ಹೋದೆ. ಮುಂದಿನ ಚಕ್ರ ಒಂದು ಸಣ್ಣ ಕಲ್ಲಿಗೆ ತಗುಲಿ ಹೊರಳಿತು. ಎದ್ದಾಗ ಬಲ ಮೊಣಕೈ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಆಸ್ಪತ್ರೆಗೆ ಹೋದರೆ ಕುಯ್ಯುತ್ತಾರೆ ಎಂದು ಅಜ್ಜಿ ಹೆದರಿಸಿದ್ದರಿಂದ ಅಪ್ಪ ನನ್ನನ್ನು ನಿಮ್ಮಲ್ಲಿಗೆ ಕರೆತಂದರು. ಯಡಿಯೂರು ಕೆರೆಯ ಹತ್ತಿರ, ಹೊಂಗೆಮರದ ಕೆಳಗೆ, ಹೆಂಚಿನ ಮನೆ. ಬಾಗಿಲ ಮೇಲೆ 'ಮೂಳೆ ಮುರಿತಕ್ಕೆ ಕಟ್ಟು ಹಾಕಲಾಗುವುದು' ಎಂಬ ನೀಲಿ ಬೋರ್ಡು. ನೀವು ನನ್ನ ಕೈಯನ್ನು ನೋಡಲೇ ಇಲ್ಲ, ನಿಮಗೆ ನೆನಪಿದೆಯೋ ಏನೋ. ಕಣ್ಣು ಮುಚ್ಚಿಕೊಂಡಿರಿ. ಎರಡು ಬೆರಳು ಮೊಣಕೈ ಸುತ್ತ ಹೋದವು, ನಿಂತವು, ಹಿಂದಕ್ಕೆ ಬಂದವು. ನನ್ನ ಶಾಲೆ ಯಾವುದು ಎಂದು ಕೇಳಿದಿರಿ. ನಾನು ಹೇಳಲು ಬಾಯಿ ತೆರೆದಾಗ ಎಳೆದಿರಿ. ಒಂದು ಸಣ್ಣ ಸದ್ದು. ಆಮೇಲೆ ನೋವೇ ಇಲ್ಲ ಎನ್ನುವಷ್ಟು ಹಗುರ! ಚರ್ಮದ ಒಳಗಿರುವುದನ್ನು ಮುಚ್ಚಿದ ಕಣ್ಣಿನಿಂದ ನೋಡುವ ಮನುಷ್ಯನನ್ನು ನಾನು ಅದೇ ಮೊದಲು ಕಂಡದ್ದು. ಸೊಪ್ಪಿನ ರಸ, ಉದ್ದಿನ ಹಿಟ್ಟು, ಮೊಟ್ಟೆಯ ಲೋಳೆ ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿದಿರಿ.

ಆ ಮೊಟ್ಟೆಯೇ ಎಲ್ಲಕ್ಕೂ ಮೂಲವಾಯಿತು.

ನಮ್ಮದು ಮಡಿಯ ಮನೆ. ಅಜ್ಜಿಗೆ ಕಟ್ಟಿನ ವಾಸನೆ ಹಿಡಿದದ್ದೇ ತಡ, ನನ್ನ ಊಟ, ನಿದ್ದೆ, ಓದು ಎಲ್ಲ ಮುಂದಿನ ವರಾಂಡಕ್ಕೆ ವರ್ಗವಾಯಿತು. ಕೈ ಹೋದರೂ ಜಾತಿ ಉಳಿಯಲಿ ಎಂದು ಅಮ್ಮ ನಕ್ಕರೂ, ಬೆಳಿಗ್ಗೆ ಮಡಿಯುಟ್ಟು ಅಡುಗೆ ಮಾಡುವವಳು ಅವಳೇ ಆದ್ದರಿಂದ ನನ್ನನ್ನು ಮುಟ್ಟುವಂತಿರಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಅಜ್ಜಿ ಒಪ್ಪಲಿಲ್ಲ. ಉಳಿದವರು ಅಪ್ಪ ಒಬ್ಬರೇ.

ಅಪ್ಪ ಒಂದು ಕಾರ್ಖಾನೆಯಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದರು. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಪೇಪರು, ನಡುವೆ ನಾಲ್ಕು ಮಾತು. ಹೊಡೆದವರಲ್ಲ, ಮುದ್ದು ಮಾಡಿದವರೂ ಅಲ್ಲ. ಅವರು ನನ್ನನ್ನು ಮುಟ್ಟಿದ ನೆನಪೇ ನನಗಿರಲಿಲ್ಲ — ಜ್ವರ ಬಂದಾಗಲೂ ಹಣೆ ಮುಟ್ಟಿ ನೋಡುತ್ತಿದ್ದವಳು ಅಮ್ಮ. ಅಂಥ ಅಪ್ಪ ಮೊದಲ ದಿನ ವರಾಂಡದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಅನ್ನ ಕಲಸಿ, ತುತ್ತು ಮಾಡಿ ನನ್ನ ಬಾಯಿಯ ಮುಂದೆ ಹಿಡಿದರು. ತುತ್ತು ತೀರ ದೊಡ್ಡದಾಗಿತ್ತು. ಅವರಿಗೆ ಅಳತೆ ಗೊತ್ತಿರಲಿಲ್ಲ. ನನಗೆ ನುಂಗಲಾಗಲಿಲ್ಲ, ಅದು ತುತ್ತಿನ ಗಾತ್ರಕ್ಕಲ್ಲ.

ಕಟ್ಟು ಬಿಚ್ಚಿದ ದಿನ ಕೈ ಕತ್ತರಿಯಂತೆ ಮಡಿಸಿಕೊಂಡೇ ಇತ್ತು. ದಿನಾ ಬಿಸಿ ಎಣ್ಣೆ ಸವರಿ, ಬಲವಂತ ಮಾಡದೆ ಸ್ವಲ್ಪ ಸ್ವಲ್ಪ ಬಿಡಿಸಿ, ತಿಂಗಳೊಳಗೆ ಚಾಚುತ್ತಾನೆ ಎಂದಿರಿ. ಅಪ್ಪ ಅದನ್ನು ಕಾರ್ಖಾನೆಯ ಕೆಲಸದಷ್ಟೇ ಗಂಭೀರವಾಗಿ ತೆಗೆದುಕೊಂಡರು. ವರಾಂಡದ ಗೋಡೆಯ ಮೇಲೆ ಒಂದು ಅಡ್ಡಗೆರೆ ಎಳೆದರು: ಕೈ ಪೂರ್ತಿ ಚಾಚಿದಾಗ ತಲುಪಬೇಕಾದ ಗೆರೆ. ಅದರ ಮೇಲೆ ಕಮಾನಿನಂತೆ ಇನ್ನೊಂದು. ದಿನಾ ಆರು ಗಂಟೆಗೆ ಹರಳೆಣ್ಣೆ ಕಾಯಿಸಿ ತಂದು, ನನ್ನ ಮೊಣಕೈಯನ್ನು ಅಂಗೈಯಲ್ಲಿ ಹೊತ್ತು, ಬಿಡಿಸಿ, ನಡುಬೆರಳಿನ ತುದಿ ಎಲ್ಲಿಗೆ ಬಂತೋ ಅಲ್ಲೊಂದು ಪೆನ್ಸಿಲ್ ಚುಕ್ಕೆ ಇಡುತ್ತಿದ್ದರು. ನನಗಾಗಿ ಈ ಮನುಷ್ಯ ಮೊಣಕಾಲೂರಿ ಕೂತಿದ್ದಾರೆ, ಉಸಿರು ಹಿಡಿದು ನನ್ನ ಬೆರಳನ್ನೇ ನೋಡುತ್ತಿದ್ದಾರೆ! ಅವರ ಅಂಗೈ ಅಷ್ಟು ಮೆತ್ತಗಿದೆಯೆಂದು ಯಾರು ತಾನೇ ಹೇಳಿದ್ದರು.

ಮೂರು ವಾರ ಚುಕ್ಕೆಗಳು ಕಮಾನಿನ ಮೇಲೆ ಸಾಲಾಗಿ ಇಳಿದು ಬಂದವು. ಅಡ್ಡಗೆರೆಗೆ ಇನ್ನೊಂದು ಗೇಣು ಉಳಿದಿತ್ತು. ಒಂದು ಮಧ್ಯಾಹ್ನ ತಾರಸಿಯ ಮೇಲೆ ಒಬ್ಬನೇ ಇದ್ದಾಗ ಸುಮ್ಮನೆ ಕೈ ಚಾಚಿ ನೋಡಿದೆ. ಪೂರ್ತಿ ಚಾಚಿತು. ನೆಟ್ಟಗೆ. ಸಂತೋಷವಾಗಬೇಕಿತ್ತಲ್ಲವೇ — ನನಗೆ ಹೆದರಿಕೆಯಾಯಿತು. ನಾಳೆ ಗೆರೆ ಮುಟ್ಟಿದರೆ ನಾಡಿದ್ದು ಎಣ್ಣೆಯಿಲ್ಲ. ಮರುದಿನ ಬೆಳಿಗ್ಗೆ, ಹಿಂದಿನ ದಿನದ ಚುಕ್ಕೆಯ ಹತ್ತಿರವೇ ಕೈ ಬಿಗಿಹಿಡಿದು, ನೋವು ಎಂದೆ.

ಅಲ್ಲಿಂದ ಎರಡು ತಿಂಗಳು ಚುಕ್ಕೆ ಮುಂದೆ ಹೋಗಲಿಲ್ಲ. ಒಂದರ ಮೇಲೊಂದು ಬಿದ್ದು ಬಿದ್ದು ಅದು ದಪ್ಪನೆಯ ಕರಿ ಕಲೆಯಾಯಿತು. ಅಪ್ಪ ನಿದ್ದೆಗೆಟ್ಟರು. ಕೊನೆಗೆ ಒಂದು ಭಾನುವಾರ ನಿಮಗೆ ಹೇಳಿ ಕಳಿಸಿದರು.

ನೀವು ಬಂದು ಗೋಡೆ ನೋಡಿದಿರಿ. ನನ್ನ ಮೊಣಕೈ ಹಿಡಿದು ಕಣ್ಣು ಮುಚ್ಚಿದಿರಿ. ನಾನು ಬಿಗಿಹಿಡಿದೆ. ನಿಮ್ಮ ಹೆಬ್ಬೆರಳು ಮೂಳೆಯ ಮೇಲೆ ಹೋಗಿ, ಅಲ್ಲಿಂದ ಸ್ನಾಯುವಿಗೆ ಬಂದು, ಅಲ್ಲೇ ನಿಂತುಬಿಟ್ಟಿತು. ನನಗೆ ಗೊತ್ತಾಯಿತು, ನಿಮಗೆ ಗೊತ್ತಾಯಿತೆಂದು. ಅಪ್ಪ ಎಣ್ಣೆ ಬಟ್ಟಲು ತರಲು ಒಳಗೆ ಹೋದಾಗ ನೀವು ಮೆಲ್ಲಗೆ ಅಂದಿರಿ:

"ಮೂಳೆ ಸರಿಯಾಗೈತೆ ಮರಿ. ಬಿಗಿ ಹಿಡಿದಿರೋನು ನೀನು. ಯಾಕೆ ಅಂತ ನಾನು ಕೇಳಲ್ಲ. ನಿಮ್ಮಪ್ಪಂಗೆ ನೀನೇ ಹೇಳು, ನಾನು ಹೇಳಿದ್ರೆ ನಿಂಗೆ ಏಟು ಬೀಳ್ತದೆ."

ಅಪ್ಪ ಹೊರಗೆ ಬಂದರು. ನೀವು ನನ್ನ ಮುಖ ನೋಡುತ್ತಾ ಕಾದಿರಿ. ಅಷ್ಟು ಹೊತ್ತು ಕಾದಿರಿ. ನಾನು ಗೋಡೆಯ ಕಲೆಯನ್ನು ನೋಡುತ್ತಾ ಕೂತೆ. ಅಪ್ಪನ ತಾಳ್ಮೆ ಮುಗಿಯಿತು. ಬೈಗುಳ ಬಾರದ ಮನುಷ್ಯ, ಮೆತ್ತಗಿನ ದನಿಯಲ್ಲೇ ಹೇಳಿದರು:

"ನಿಮ್ಮನ್ನ ನಂಬಿ ಮಗನ ಕೈ ಹಾಳು ಮಾಡ್ಕೊಂಡೆ ಕಣ್ರೀ. ಮೊದಲು ಆ ಬೋರ್ಡು ತೆಗೀರಿ. ಇನ್ನೊಬ್ಬರ ಮಕ್ಕಳಿಗೆ ಹೀಗಾಗೋದು ಬೇಡ."

ನೀವು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಹೋಗಿ, ಅಲ್ಲೂ ಒಮ್ಮೆ ತಿರುಗಿ ನನ್ನನ್ನು ನೋಡಿದಿರಿ. ನಾನು ಕೂಗಬಹುದಿತ್ತು. ಎದ್ದು ಕೈ ಚಾಚಿ ತೋರಿಸಿದ್ದರೆ ಮಾತೂ ಬೇಕಿರಲಿಲ್ಲ. ಒಂದು ಗೇಣು — ಅಷ್ಟೇ ದೂರ.

ಆಮೇಲೆ ಅಪ್ಪ ಹಟ ಹಿಡಿದರು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಕಂಪನಿ ಬಸ್ಸು ತಪ್ಪಿಸಿಕೊಂಡು, ಅದೇ ಬೋಳು ಸೈಕಲ್ಲಿನಲ್ಲಿ ಬೆವರುತ್ತಾ ಕೆಲಸಕ್ಕೆ ಹೋಗತೊಡಗಿದರು. ಅದನ್ನು ನೋಡಲಾಗದೆ ನಾನು ಕೈಯನ್ನು ಸ್ವಲ್ಪ ಸ್ವಲ್ಪವೇ ಸಡಿಲ ಬಿಟ್ಟೆ, ದಿನಕ್ಕೊಂದು ಚುಕ್ಕೆ. ಬೆರಳು ಅಡ್ಡಗೆರೆ ಮುಟ್ಟಿದ ಬೆಳಿಗ್ಗೆ ಅಪ್ಪ ಅಮ್ಮನನ್ನು ಕೂಗಿ ಕರೆದರು. ಮಡಿಯಲ್ಲಿದ್ದ ಅಜ್ಜಿಯೂ ಬಂದರು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಆ ನೆಟ್ಟಗಾದ ಕೈಯನ್ನು ಅವರು ಮತ್ತೆ ಮುಟ್ಟಲಿಲ್ಲ.

ಮಾತು ಕಡಿಮೆಯಿದ್ದ ಮನುಷ್ಯನಿಗೆ ಹೇಳಲು ಒಂದು ಕಥೆ ಸಿಕ್ಕಿತು. ಯಡಿಯೂರಿನವನು ಕೆಡಿಸಿದ ಕೈಯನ್ನು ನಾನೇ ಸರಿಮಾಡಿದೆ — ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹೊಸದಾಗಿ ಬಂದ ನೆರೆಯವರಿಗೆ. ಸುಣ್ಣ ಹೊಡೆಸುವಾಗಲೆಲ್ಲ ಆ ಒಂದು ತುಂಡು ಗೋಡೆ ಬಿಡಿಸಿದರು. ಬಂದವರೆಲ್ಲ ಕರಿ ಕಲೆ ನೋಡಿ ನಿಮ್ಮನ್ನು ಬೈದರು, ಅಪ್ಪನನ್ನು ಹೊಗಳಿದರು. ಕಂಪನಿ ಬಸ್ಸು ದಿನಾ ನಿಮ್ಮ ಬೋರ್ಡಿನ ಮುಂದೆಯೇ ಹೋಗುತ್ತಿತ್ತು. ಅದರಲ್ಲಿದ್ದ ಐವತ್ತು ಮನೆಗಳವರಲ್ಲಿ ಯಾರೂ ನಿಮ್ಮಲ್ಲಿಗೆ ಬರಲಿಲ್ಲ. ಎರಡು ವರ್ಷಕ್ಕೆ ಬೋರ್ಡು ಕಾಣೆಯಾಯಿತು. ಅವರು ಎಲ್ಲೋ ಮಗಳ ಊರಿಗೆ ಹೋದರಂತೆ ಎಂದು ಸೀನ ತಂದ ಸುದ್ದಿ ಕೇಳಿ, ಹೌದಾ ಎಂದೆ. ನಿಮ್ಮ ಹೆಸರು ಉಳಿಸಬೇಕಾದರೆ ಅಪ್ಪ ಬದುಕಿನಲ್ಲಿ ಹೆಮ್ಮೆಪಟ್ಟ ಒಂದೇ ಒಂದು ಕೆಲಸವನ್ನು ಅವರಿಂದ ಕಿತ್ತುಕೊಳ್ಳಬೇಕಿತ್ತು. ಆಗಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ನನಗೆ ನನ್ನ ಮಾನದ ಚಿಂತೆಯೂ ಇತ್ತು.

ಈಗ ನಾನು ಸರ್ವೆ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಹುಳಿಮಾವು ಕೆರೆಯ ಏರಿಯ ಮೇಲೆ ನಮ್ಮ ಜೊತೆಯವರೊಬ್ಬರು ಕಾಲು ಉಳುಕಿಸಿಕೊಂಡರು. ಊರವರು ತೋರಿಸಿದ ಮನೆಗೆ ಕರೆದುಕೊಂಡು ಬಂದೆ. ಒಳಗೆ ಚಾಪೆಯ ಮೇಲೆ ನೀವು. ನನಗೆ ಕೂಡಲೇ ಗುರುತು ಸಿಕ್ಕಿತು. ನಿಮಗೆ ಕಾಣುವುದಿಲ್ಲವಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನಕ್ಕೂ ಈಗ ನಾಚಿಕೆಪಡುತ್ತೇನೆ. ಕಾಲು ಹಿಡಿದುಕೊಳ್ಳಲು ಹೇಳಿದಿರಿ, ಹಿಡಿದುಕೊಂಡೆ. ಪಟ್ಟಿ ಸುತ್ತುವಾಗ ನಿಮ್ಮ ಕೈ ನನ್ನ ತೋಳಿಗೆ ತಗುಲಿತು. ಮೊಣಕೈಗೆ ಇಳಿಯಿತು. ಎರಡು ಬೆರಳು ಸುತ್ತ ಹೋದವು, ನಿಂತವು, ಹಿಂದಕ್ಕೆ ಬಂದವು.

"ಇದು ನಾನು ಕೂಡಿಸಿದ್ದು," ಅಂದಿರಿ. "ಗುಡ್ಡ ಇಳಿದ ಹುಡುಗ ಅಲ್ವಾ ನೀನು."

ಹದಿನಾಲ್ಕು ವರ್ಷ. ಎಷ್ಟು ಸಾವಿರ ಮೂಳೆಗಳನ್ನು ಮುಟ್ಟಿದ ಬೆರಳುಗಳು. ದೇವರು ಎಂಬವನಿದ್ದರೆ ಹೀಗೆಯೇ ಗುರುತು ಹಿಡಿಯುತ್ತಾನೇನೋ, ಮುಖ ನೋಡದೆ. ನೀವು ನೆಟ್ಟಗಿದ್ದ ಕೈಯನ್ನು ಸವರಿ, ಬಹಳ ದಿನದಿಂದ ಕೇಳಬೇಕೆಂದಿದ್ದವರಂತೆ, ಅಪ್ಪಂಗೆ ಹೇಳಿದ್ಯಾ ಎಂದಿರಿ. ಹೇಳಿದೆ ಎಂದೆ. ಯಾವಾಗ ಎಂದಿರಿ. ಆಗಲೇ, ನೀವು ಹೋದ ವಾರದಲ್ಲೇ ಎಂದೆ. ಸುಳ್ಳಿಗೆ ಎಷ್ಟು ಚೆನ್ನಾಗಿ ಒಗ್ಗಿಹೋಗಿದೆ ನನ್ನ ನಾಲಿಗೆ.

ನೀವು ನನ್ನ ಕೈ ಬಿಟ್ಟಿರಿ. ಪಟ್ಟಿಯ ತುದಿ ಹುಡುಕಿ ಗಂಟು ಹಾಕಿದಿರಿ. ಆಮೇಲೆ ಹೇಳಿದಿರಿ:

"ಹಂಗಾದ್ರೆ ನಿಮ್ಮಪ್ಪ ಒಂದ್ಸಲ ಬಂದು ಹೋಗಬೋದಾಗಿತ್ತು. ಗೊತ್ತಾಗಿದ್ರೆ ಬಂದಿರೋರು, ದೊಡ್ಡ ಮನುಷ್ಯ ಅವರು, ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಇರಲಿ ಬಿಡು."

ಆ ಮಾತು ಕೇಳಿ ಬಂದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ನನ್ನಿಂದಾಗಿ ಎಲ್ಲ ಕಳೆದುಕೊಂಡ ನೀವು, ನಿಮ್ಮನ್ನು ಬೈದು ಕಳಿಸಿದ ಮನುಷ್ಯನ ಮೇಲೆ ಹದಿನಾಲ್ಕು ವರ್ಷ ಗೌರವ ಇಟ್ಟುಕೊಂಡಿದ್ದಿರಿ. ಅದನ್ನೂ ನಾನೇ ಒಂದು ಮಾತಿನಲ್ಲಿ ಕಿತ್ತುಹಾಕಿದೆ. ನನ್ನ ಅಪ್ಪ ಗೊತ್ತಿದ್ದೂ ಬಾರದವರಲ್ಲ, ಗುರುವಪ್ಪನವರೇ. ಅವರಿಗೆ ಈ ಗಳಿಗೆಯವರೆಗೆ ಏನೂ ಗೊತ್ತಿಲ್ಲ.

ಇಂದು ಶನಿವಾರ. ಅಪ್ಪ ವರಾಂಡದಲ್ಲಿ ಪೇಪರು ಓದುತ್ತಿದ್ದಾರೆ, ಬೆನ್ನ ಹಿಂದೆ ಆ ಗೋಡೆ. ಈ ಕಾಗದವನ್ನು ಸೀನನ ಕೈಯಲ್ಲಿ ನಿಮಗೆ ಕಳಿಸಿ, ಹೋಗಿ ಅವರ ಮುಂದೆ ಕೂತು ಹೇಳುತ್ತೇನೆ. ಯಾಕೆ ಎಂದು ಅವರು ಕೇಳುತ್ತಾರೆ. ಅದಕ್ಕೆ ನನ್ನಲ್ಲಿರುವ ಉತ್ತರ ನೆಪದಂತೆ ಕೇಳಿಸುತ್ತದೆ; ಹಾಗಾಗಿ ಅದನ್ನು ಹೇಳುವುದಿಲ್ಲ.

ನಾಳೆ ಅವರು ನಿಮ್ಮ ಬಾಗಿಲಿಗೆ ಬಂದರೆ, ಹದಿನಾಲ್ಕು ವರ್ಷಕ್ಕೆ ಬಂದರಲ್ಲ ಎಂದುಕೊಳ್ಳಬೇಡಿ. ಅವರಿಗೆ ಗೊತ್ತಾಗಿ ಒಂದೇ ದಿನ ಆಗಿರುತ್ತದೆ. ತಡ ಮಾಡಿದವನು ನಾನು.